ವಾಚಿನ ಬೆಲ್ಟಿನ ಎರಡು ತೂತು

ಅಪ್ಪನನ್ನೋ ಅಮ್ಮನನ್ನೋ ವೃದ್ಧರ ಆರೈಕೆ ಕೇಂದ್ರಕ್ಕೆ ಸೇರಿಸಿ, ಆಮೇಲೆ ನಿದ್ದೆಗೆಟ್ಟು ಆಪ್ತಸಲಹೆಗೆಂದು ನನ್ನೆದುರು ಬಂದು ಕೂರುವವರು ಪ್ರತಿ ವರ್ಷ ಇರುತ್ತಾರೆ. ಅವರ ಮಾತುಗಳು ಎಷ್ಟು ಒಂದೇ ಬಗೆಯವೆಂದರೆ, ಮೊದಲ ಐದು ನಿಮಿಷದಲ್ಲೇ ನನ್ನ ಮನಸ್ಸು 'ಪಾಪಪ್ರಜ್ಞೆ' ಎಂದು ಷರಾ ಬರೆದುಬಿಡುತ್ತದೆ. ಈ ಪ್ರಕರಣದಲ್ಲೂ ಬರೆಯಿತು. ಎರಡು ಭೇಟಿಗಳು ಆ ಷರಾ ನಂಬಿಕೊಂಡೇ ನಡೆದವು. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ, ಹಾಗಾಗಿ ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಬಂದವರು ಐವತ್ತರ ಆಸುಪಾಸಿನ ಮಗ. ತಂದೆಗೆ 79, ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಮನೆಯಲ್ಲಿ ನೋಡಿಕೊಳ್ಳುವುದು ಕೈಮೀರಿದಾಗ ಆರೈಕೆ ಕೇಂದ್ರಕ್ಕೆ ಸೇರಿಸಿ ಐದು ತಿಂಗಳಾಗಿತ್ತು. ಅವರು ಹೇಳಿಕೊಂಡ ಸಮಸ್ಯೆ ತಂದೆಯದ್ದಲ್ಲ, ತಮ್ಮ ಸಿಟ್ಟಿನದು. ಪ್ರತಿ ಶನಿವಾರ ಬೆಳಿಗ್ಗೆ ಅಪ್ಪನನ್ನು ನೋಡಲು ಹೋಗುತ್ತಾರೆ, ಏನಾದರೊಂದಕ್ಕೆ ಸಿಬ್ಬಂದಿಯ ಮೇಲೆ ಕೂಗಾಡುತ್ತಾರೆ, ಕಾರಿನಲ್ಲಿ ಕೂತು ಅಳುತ್ತಾರೆ. "ನನಗೆ ಸಿಟ್ಟು ಕಡಿಮೆ ಮಾಡಿಕೊಡಿ" ಎಂದರು. ಕೇಂದ್ರ ಹೇಗಿದೆ ಎಂದು ಕೇಳಿದ್ದಕ್ಕೆ, "ಚೆನ್ನಾಗೇ ಇದೆ. ಆರು ಕಡೆ ಸುತ್ತಿ, ಪಟ್ಟಿ ಮಾಡಿ, ಅಂಕ ಕೊಟ್ಟು ಆರಿಸಿದ್ದು" ಎಂದರು. ಮತ್ತೆ ನಾನು ಕೆದಕಲಿಲ್ಲ.

ಮೂರನೇ ಭೇಟಿ. ಹಿಂದಿನ ಶನಿವಾರ ಕೂಗಾಡಿರಲಿಲ್ಲ ಎಂದು ಹೇಳಿ ತುಸು ನಕ್ಕರು. "ಏನು ಮಾಡಿದಿರಿ ಹಾಗಾದರೆ?" ಎಂದೆ.

"ಏನಿಲ್ಲ. ಅಪ್ಪನ ಪಕ್ಕ ಕೂತು ವಾಚು ಕಟ್ಟಿದೆ. ಅವರಿಗೆ ಗಂಟೆ ನೋಡೋಕೆ ಬರಲ್ಲ ಈಗ. ಆದರೂ ವಾಚು ಬೇಕು. ಹೋದಾಗೆಲ್ಲ ಬಿಚ್ಚಿ, ಒರೆಸಿ, ಮತ್ತೆ ಕಟ್ತೀನಿ. ಮುಂಚೆ ಮೂರನೇ ತೂತಿಗೆ ಹಾಕ್ತಿದ್ದೆ, ಈಗ ಐದನೇದಕ್ಕೆ ಹಾಕಬೇಕು. ಇಲ್ಲದಿದ್ದರೆ ಜಾರಿ ಮೊಣಕೈಗೆ ಬರುತ್ತೆ."

ಅವರು ಅದನ್ನು ಪ್ರೀತಿಯ ಮಾತಾಗಿ ಹೇಳಿದ್ದರು. ನಾನೂ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಬಾಯಿ ತೆರೆದಿದ್ದೆ. ಆಗ ಮಾತು ಅಲ್ಲೇ ನಿಂತಿತು. ಐದು ತಿಂಗಳಲ್ಲಿ ಎರಡು ತೂತು.

"ಅಪ್ಪನ ತೂಕ ಎಷ್ಟಿದೆ ಈಗ?"

ಅವರು ನನ್ನ ಮುಖ ನೋಡಿದರು. "ಗೊತ್ತಿಲ್ಲ."

"ಸೇರಿಸಿದಾಗ?"

"62."

"ಅವರು ಊಟ ಮಾಡೋದನ್ನ ನೀವು ಕೊನೇ ಸಲ ನೋಡಿದ್ದು ಯಾವಾಗ?"

ಬಹಳ ಹೊತ್ತು ಸುಮ್ಮನಿದ್ದರು. ಐದು ತಿಂಗಳಲ್ಲಿ ಒಮ್ಮೆಯೂ ನೋಡಿರಲಿಲ್ಲ. ಪ್ರತಿ ಸಲ ಹೋಗುತ್ತಿದ್ದುದು ಹತ್ತೂವರೆಗೆ. ಆ ಹೊತ್ತಿಗೆ ಸ್ನಾನವಾಗಿ, ತಲೆ ಬಾಚಿ, ಅಪ್ಪ ಕಿಟಕಿಯ ಬಳಿ ಕುರ್ಚಿಯಲ್ಲಿ ಇರುತ್ತಿದ್ದರು.

ಆ ಪಟ್ಟಿಯನ್ನು ತರಿಸಿ ನೋಡಿದೆ. ಶ್ರದ್ಧೆಯಿಂದ ಮಾಡಿದ್ದು. ಕೋಣೆಯ ಅಳತೆ, ಗಾಳಿ ಬೆಳಕು, ಬಚ್ಚಲಲ್ಲಿ ಹಿಡಿಕೆ, ಜಾರದ ನೆಲ, ಲಿಫ್ಟು, ಕ್ಯಾಮೆರಾ, ವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ ಎಂಬುದು. ಒಂದೂ ಬೇಡದ್ದಲ್ಲ. ಆದರೆ ಎಲ್ಲವೂ ಕೇಂದ್ರದ ಬಳಿ ಏನೇನಿದೆ ಎಂಬುದರ ಲೆಕ್ಕ. ವೈದ್ಯಕೀಯ ಸೇವೆಯ ಗುಣಮಟ್ಟವನ್ನು ಅಳೆಯುವ ಬಗೆಗೆ ಆವೆಡಿಸ್ ಡೊನಬೇಡಿಯನ್ ಎಂಬ ವೈದ್ಯರು 1966ರಲ್ಲಿ ಒಂದು ಚೌಕಟ್ಟು ಕೊಟ್ಟರು: ಏನೇನು ಇದೆ, ಏನು ನಡೆಯುತ್ತದೆ, ಕೊನೆಗೆ ಆ ಮನುಷ್ಯನಿಗೆ ಏನಾಯಿತು. ಕುಟುಂಬಗಳು ಮೊದಲನೆಯದನ್ನು ಒಂದು ಮಧ್ಯಾಹ್ನದಲ್ಲಿ ನೋಡಿ ಮುಗಿಸುತ್ತವೆ. ಉಳಿದೆರಡನ್ನು ಸೇರಿಸುವ ದಿನ ನೋಡಲು ಆಗುವುದೇ ಇಲ್ಲ. ಆಮೇಲೆ ನೋಡಬೇಕು, ಬೇರೆ ಬೇರೆ ಹೊತ್ತಿನಲ್ಲಿ ನೋಡಬೇಕು. ಈ ಮಗನ ಬಳಿ ಮೂರನೆಯದಕ್ಕೆ ಪುರಾವೆ ಇತ್ತು, ಅದೂ ಅವರ ಬೆರಳ ತುದಿಯಲ್ಲೇ. ಅದು ಪುರಾವೆ ಎಂದು ಅವರಿಗೂ ತಿಳಿದಿರಲಿಲ್ಲ, ಕೇಳಿಸಿಕೊಳ್ಳುವುದೇ ಕಸುಬಾದ ನನಗೂ ತಿಳಿದಿರಲಿಲ್ಲ.

ಅವತ್ತು ಕೊಟ್ಟ ಸಲಹೆ ಇದು. ಶನಿವಾರ ಬೆಳಿಗ್ಗೆ ಬಿಟ್ಟು ಭಾನುವಾರ ರಾತ್ರಿಯ ಊಟದ ಹೊತ್ತಿಗೆ ಹೋಗಿ, ಮುಂಚೆ ಫೋನು ಮಾಡಬೇಡಿ. ರಜೆಯ ದಿನ, ಸಂಜೆಯ ಮೇಲೆ, ಕೆಲಸದವರು ಅತಿ ಕಡಿಮೆ ಇರುವಾಗ ಹೇಗಿದೆಯೋ ಅದೇ ಆ ಜಾಗದ ನಿಜವಾದ ಮಟ್ಟ. ತಟ್ಟೆ ಯಾರು ತರುತ್ತಾರೆ ಎಂದು ನೋಡಬೇಡಿ, ಎಷ್ಟು ಹೊತ್ತಿಗೆ, ಎಷ್ಟು ಉಳಿಸಿಕೊಂಡು ವಾಪಸು ಹೋಗುತ್ತದೆ ಎಂದು ನೋಡಿ. ಪಕ್ಕದಲ್ಲಿ ಯಾರಾದರೂ ಕೂರುತ್ತಾರೋ, ನಿಂತುಕೊಂಡೇ ತುರುಕುತ್ತಾರೋ. ನೀರಿನ ಲೋಟ ಕೈಗೆ ಎಟಕುವಲ್ಲಿದೆಯೋ. ಕರೆಗಂಟೆ ಒತ್ತಿದರೆ ಎಷ್ಟು ನಿಮಿಷಕ್ಕೆ ಜನ ಬರುತ್ತಾರೋ. ತೂಕದ ದಾಖಲೆ ಕೇಳಿ. ತಿಂಗಳೊಂದರಲ್ಲಿ ನೂರಕ್ಕೆ 5, ಆರು ತಿಂಗಳಲ್ಲಿ ನೂರಕ್ಕೆ 10ರಷ್ಟು ತೂಕ ಬಯಸದೇ ಇಳಿದರೆ ಅದನ್ನು ವೈದ್ಯರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. 62 ಕಿಲೋದ ಮನುಷ್ಯನಿಗೆ ನೂರಕ್ಕೆ 10 ಎಂದರೆ ಆರು ಕಿಲೋ ಚಿಲ್ಲರೆ.

ಕಾಲುಚೀಲ ಬಿಚ್ಚಿ ಹಿಮ್ಮಡಿ ನೋಡಿ ಎಂದೆ. ಬಟ್ಟೆ ಬದಲಿಸುವಾಗ ಜೊತೆಗಿದ್ದು ಸೊಂಟದ ಕೆಳಗಿನ ಮೂಳೆಯ ಜಾಗ ನೋಡಿ. ಹೆಚ್ಚು ಹೊತ್ತು ಒಂದೇ ಮಗ್ಗುಲಲ್ಲಿ ಬಿಟ್ಟರೆ ಒತ್ತಡದ ಹುಣ್ಣು ಶುರುವಾಗುವುದು ಅಲ್ಲೇ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟಾಗ ಬಿಳಿಚದೆ ಕೆಂಪಾಗೇ ಉಳಿದರೆ ಅದು ಮೊದಲ ಹಂತ. ಬಣ್ಣ ಕಪ್ಪಾದವರಲ್ಲಿ ಕೆಂಪು ಕಾಣದೇ ಹೋಗಬಹುದು. ಮುಟ್ಟಿದರೆ ಸುತ್ತಲಿಗಿಂತ ಬಿಸಿಯಾಗಿ, ಗಟ್ಟಿಯಾಗಿ ಇರುತ್ತದೆ, ಒಮ್ಮೊಮ್ಮೆ ಮೆತ್ತಗಿರುತ್ತದೆ. ಔಷಧಿಯ ಪಟ್ಟಿಯ ಪ್ರತಿ ಕೇಳಿ, ಸೇರಿಸಿದ ದಿನದ ಪಟ್ಟಿಗೆ ಹೋಲಿಸಿ. ವಿಶೇಷವಾಗಿ ನಿದ್ದೆ ಬರಿಸುವ, 'ಶಾಂತ' ಮಾಡುವ ಮಾತ್ರೆ ಹೊಸದಾಗಿ ಸೇರಿದೆಯೇ ನೋಡಿ.

ಇನ್ನೊಂದು ಪ್ರಶ್ನೆ ಕೇಳಲು ಹೇಳಿದೆ, ನನಗೆ ತುಂಬ ಇಷ್ಟವಾದದ್ದು. ಮ್ಯಾನೇಜರ್ ಹತ್ತಿರ ಅಲ್ಲ, ದಿನವೂ ಅಪ್ಪನನ್ನು ಎಬ್ಬಿಸುವ ಆರೈಕೆದಾರರ ಹತ್ತಿರ: "ಅಪ್ಪ ಯಾವ ಮಗ್ಗುಲಿಗೆ ಮಲಗಿದರೆ ನಿದ್ದೆ ಮಾಡ್ತಾರೆ?" ತಿಳಿದವರು ಥಟ್ಟನೆ ಹೇಳುತ್ತಾರೆ, ಜೊತೆಗೆ ಇನ್ನೆರಡು ಮಾತು ಸೇರಿಸುತ್ತಾರೆ. ಜನ ತಿಂಗಳು ತಿಂಗಳು ಬದಲಾಗುತ್ತಿದ್ದರೆ ಉತ್ತರ ಬರುವುದಿಲ್ಲ.

"ಇಷ್ಟೆಲ್ಲ ಕೇಳಿದರೆ ಅವರಿಗೆ ಸಿಟ್ಟು ಬರಲ್ವಾ? ನಾನು ಮನೆಗೆ ಬಂದ ಮೇಲೆ ಅಪ್ಪ ಅವರ ಕೈಲೇ ಇರ್ತಾರಲ್ಲ" ಎಂದರು. ಈ ಭಯ ಹೆಚ್ಚುಕಡಿಮೆ ಎಲ್ಲ ಕುಟುಂಬಕ್ಕೂ ಇದೆ. ಬಾಯಿಬಿಟ್ಟು ಹೇಳುವವರು ಕಡಿಮೆ. ಅವರ ಕೂಗಾಟಕ್ಕೂ ಇದೇ ಬೇರು. ಆರು ದಿನ ಭಯದಲ್ಲಿ ನುಂಗಿದ್ದು ಏಳನೇ ದಿನ ಬೆಡ್‌ಶೀಟಿನ ಸುಕ್ಕಿನ ಮೇಲೆ ಸಿಡಿಯುತ್ತಿತ್ತು. ಹಾಗಾಗಿ ಅಂದೆ: "ನೀವು ನೋಡಿಕೊಳ್ಳಲ್ಲ" ಅನ್ನಬೇಡಿ. "62 ಇತ್ತು, ಈಗ ಎಷ್ಟು, ಯಾವ ದಿನ ನೋಡಿದ್ದು" ಅನ್ನಿ. ಬರೆದು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಚೆನ್ನಾಗಿ ನೋಡಿಕೊಳ್ಳುವ ಒಬ್ಬರ ಹೆಸರನ್ನೂ ಅದರಲ್ಲಿ ಬರೆಯಿರಿ, ಅಂಥವರು ಇದ್ದೇ ಇರುತ್ತಾರೆ.

ಭಾನುವಾರ ಹೋದರು. ತಟ್ಟೆ ಬಂತು, ಅಪ್ಪ ಎರಡು ತುತ್ತು ಬಾಯಲ್ಲಿ ತಿರುಗಿಸಿ ಉಗಿದರು, ಇಪ್ಪತ್ತು ನಿಮಿಷಕ್ಕೆ ತಟ್ಟೆ ಹೋಯಿತು. ದಾಖಲೆಯಲ್ಲಿ 'ಊಟ ಮಾಡಿದರು' ಎಂದು ಗುರುತು ಬಿತ್ತು. ಬಾಯಿ ನೋಡಿದರೆ ಕೆಳಗಿನ ಹಲ್ಲು ಸೆಟ್ ಇಲ್ಲ. ಎಷ್ಟೋ ವಾರದ ಹಿಂದೆ ಕಳೆದಿತ್ತು. ಎಲ್ಲರೂ ಇನ್ನೊಬ್ಬರು ಮನೆಯವರಿಗೆ ಹೇಳಿದ್ದಾರೆ ಅಂದುಕೊಂಡಿದ್ದರು. ತೂಕದ ಹಾಳೆಯಲ್ಲಿ ಮೊದಲೆರಡು ತಿಂಗಳು 62, 61. ಮುಂದಿನ ಮೂರು ಮನೆ ಖಾಲಿ. ಎದುರಿಗೇ ತೂಗಿಸಿದಾಗ 55. ಸಂಜೆ ಹೊತ್ತು ಕೊಡುವ ಒಂದು ಮಾತ್ರೆ ಹೊಸದು, 'ರಾತ್ರಿ ಓಡಾಡುತ್ತಾರೆ' ಎಂಬ ಕಾರಣಕ್ಕೆ. ತೀವ್ರ ಮನೋರೋಗಕ್ಕೆ ಕೊಡುವ, ಹೊಸ ಪೀಳಿಗೆಯ ಆಂಟಿಸೈಕೋಟಿಕ್ ಬಗೆಯದು. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಆ ಬಗೆಯ ಔಷಧಿಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಕೆ ಹಾಕಿಸಿದೆ. ಮಾತ್ರೆ ಬೇಕೋ ಬೇಡವೋ ಎಂದು ಹೇಳುವವರು ವೈದ್ಯರು, ನಾನಲ್ಲ. ಆದರೆ ಶುರುಮಾಡಿದ್ದನ್ನು ಮಗನಿಗೆ ಯಾರೂ ತಿಳಿಸಿರಲಿಲ್ಲ.

ಅವತ್ತೇ ರಾತ್ರಿ ಫೋನು ಮಾಡಿ, "ನಾಳೆ ಬೆಳಿಗ್ಗೆ ಕರ್ಕೊಂಡು ಬಂದ್ಬಿಡ್ತೀನಿ" ಎಂದರು. ಒಂದು ತಿಂಗಳು ತಡೆಯಿರಿ ಎಂದೆ. ಈ ಸಲಹೆಯನ್ನು ಇಬ್ಬರು ಸಹೋದ್ಯೋಗಿಗಳು ಒಪ್ಪಲಿಲ್ಲ. ಅದಕ್ಕೂ ಮುಂಚಿನದನ್ನೂ ಒಪ್ಪಲಿಲ್ಲ: ಆಪ್ತಸಲಹೆಗಾರರು ತನಿಖೆಗೆ ಇಳಿಯಬಾರದು, ಭಾವನೆಯ ಮೇಲೆ ಕೆಲಸ ಮಾಡಬೇಕು ಎಂದರು. ಭಾವನೆ ಏನನ್ನೋ ಬೊಟ್ಟು ಮಾಡಿ ತೋರಿಸುತ್ತಿರುವಾಗ ಬರೀ ಬೊಟ್ಟಿಗೆ ಚಿಕಿತ್ಸೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಹೊಡೆತ, ಕಟ್ಟಿಹಾಕುವುದು, ವಾಸಿಯಾಗದ ಹುಣ್ಣು, ಬೆದರಿಕೆ ಇವುಗಳಲ್ಲಿ ಒಂದು ಕಂಡಿದ್ದರೂ ಆ ರಾತ್ರಿಯೇ ಹೊರಡಿಸಿ ಎನ್ನುತ್ತಿದ್ದೆ. ಇಲ್ಲಿ ಕಂಡದ್ದು ಉಪೇಕ್ಷೆ, ಸಣ್ಣದೇನಲ್ಲ. ಆದರೆ ಮರೆವಿನ ಮನುಷ್ಯನಿಗೆ ಹಾಸಿಗೆ, ದಾರಿ, ಮುಖಗಳು ಒಟ್ಟಿಗೇ ಬದಲಾದರೆ ಗೊಂದಲ, ಬೀಳುವುದು, ಊಟ ಬಿಡುವುದು ಇನ್ನೂ ಹೆಚ್ಚಬಹುದು. ತಪ್ಪನ್ನು ತೋರಿಸಿದ ಮೇಲೆ ಕೇಂದ್ರ ಹೇಗೆ ನಡೆದುಕೊಳ್ಳುತ್ತದೆ ಎಂಬುದೂ ಗುಣಮಟ್ಟವೇ. ಬೇರೆ ಕಡೆ ಸೇರಿಸಿದರೆ ಅದನ್ನು ಮತ್ತೆ ಮೊದಲಿಂದ ಕಲಿಯಬೇಕು. ಆ ತಿಂಗಳಿಗೆ ಷರತ್ತುಗಳಿದ್ದವು: ಆ ವಾರದಲ್ಲೇ ವೈದ್ಯರು ನೋಡಿ ಮಾತ್ರೆಯ ವಿಚಾರ ತೀರ್ಮಾನಿಸುವುದು, ಹಲ್ಲು ಸೆಟ್ ಬರುವ ತನಕ ಅಗಿಯಬೇಕಿಲ್ಲದ ಊಟ, ವಾರಕ್ಕೊಮ್ಮೆ ತೂಕ, ಮತ್ತು ಮಗ ಅಥವಾ ಸೊಸೆ ಗೊತ್ತುಮಾಡದ ಹೊತ್ತಿನಲ್ಲಿ ವಾರಕ್ಕೆರಡು ಸಲ ಹೋಗುವುದು.

ಮ್ಯಾನೇಜರ್ ಮೊದಲ ವಾರ ವಾದ ಮಾಡಿದರು, ಎರಡನೇ ವಾರ ಬರೆದು ಕೊಟ್ಟರು. ವೈದ್ಯರು ಮಾತ್ರೆ ಇಳಿಸುತ್ತ ಬಂದು ನಿಲ್ಲಿಸಿದರು. ಹೊಸ ಹಲ್ಲು ಬಂತು, ಅದರ ಮೇಲೆ ಹೆಸರು ಕೆತ್ತಿಸಿದ್ದರು. ತಿಂಗಳ ಕೊನೆಗೆ 56, ಮೂರನೇ ತಿಂಗಳಿಗೆ 58. ತಂದೆ ಅಲ್ಲೇ ಇದ್ದಾರೆ. ಅದು ಸರಿಯಾದ ನಿರ್ಧಾರವೇ ಎಂದು ಮಗ ಒಮ್ಮೊಮ್ಮೆ ಕೇಳುತ್ತಾರೆ. ಆ ದಿನಕ್ಕೆ ಸರಿಯಾಗಿತ್ತು ಎನ್ನುತ್ತೇನೆ, ಪ್ರತಿ ತಿಂಗಳೂ ಮತ್ತೆ ನೋಡಬೇಕು ಎನ್ನುತ್ತೇನೆ.

ಪಾಪಪ್ರಜ್ಞೆಯ ಮಾತು ನಿಜವಾಗಿ ಶುರುವಾದದ್ದು ಏಳನೇ ಭೇಟಿಯಲ್ಲಿ. "ವಾರ ವಾರ ನಾನೇ ಬೆಲ್ಟು ಬಿಗಿ ಮಾಡಿದ್ದೆನಲ್ಲ, ನನ್ನ ಕೈಯಾರೆ. ಯಾಕೆ ಹೊಳೀಲಿಲ್ಲ?" ಎಂದು ಕೇಳಿ ಅತ್ತರು. ಸಮಾಧಾನದ ಮಾತು ಆಡಲು ಮನಸ್ಸಾಗಲಿಲ್ಲ. ಕಪಾಟಿನಿಂದ ಅವರ ಕಡತ ತೆಗೆದು, ಮೊದಲ ಭೇಟಿಯ ದಿನ ನಾನು ಬರೆದುಕೊಂಡಿದ್ದ ಸಾಲನ್ನು ತೋರಿಸಿದೆ: 'ಹೋದಾಗಲೆಲ್ಲ ತಂದೆಗೆ ವಾಚು ಕಟ್ಟುತ್ತಾರೆ. ಸಡಿಲವಾಗಿದೆಯಂತೆ. ಒಳ್ಳೆಯ ಬಾಂಧವ್ಯ.'