ದೇಶದೇಶಗಳ ಇಂಧನ ಭದ್ರತೆಯನ್ನು ಅಳೆದು ಹೋಲಿಸುವುದು ಹೇಗೆ?

ಆಮದಿನ ಪ್ರಮಾಣವೊಂದನ್ನೇ ನೋಡಿ ಇಂಧನ ಭದ್ರತೆಯನ್ನು ನಿರ್ಣಯಿಸುವ ರೂಢಿ ಇದೆಯಾದರೂ ಅದು ಅರ್ಧ ಚಿತ್ರ ಮಾತ್ರ. ಜಪಾನ್ ತನಗೆ ಬೇಕಾದ ಕಚ್ಚಾತೈಲವನ್ನು ಬಹುತೇಕ ಪೂರ್ತಿಯಾಗಿ ಹೊರಗಿನಿಂದಲೇ ತರಿಸಿಕೊಳ್ಳುತ್ತದೆ. ಆದರೆ ತಿಂಗಳುಗಟ್ಟಲೆ ಸಾಲುವಷ್ಟು ದಾಸ್ತಾನನ್ನೂ ಇಟ್ಟುಕೊಂಡಿದೆ.

ಎರಡನೆಯ ಅಳತೆ ಪೂರೈಕೆದಾರರ ವೈವಿಧ್ಯ. ಪ್ರತಿಯೊಬ್ಬ ಪೂರೈಕೆದಾರನ ಶೇಕಡಾ ಪಾಲನ್ನು ಅದರಿಂದಲೇ ಗುಣಿಸಿ (ವರ್ಗ ಮಾಡಿ) ಕೂಡಿಸುತ್ತಾರೆ: ಒಬ್ಬನೇ ಇದ್ದರೆ 10,000, ಸಮಪಾಲಿನ ನಾಲ್ವರಿದ್ದರೆ 2,500, ಸಂಖ್ಯೆ ಇಳಿದಷ್ಟೂ ಅಪಾಯ ಕಡಿಮೆ. 2021ರಲ್ಲಿ ತನ್ನ ಆಮದು ಅನಿಲದ ಅರ್ಧಕ್ಕಿಂತ ಹೆಚ್ಚನ್ನು ರಷ್ಯಾದಿಂದ ಪಡೆಯುತ್ತಿದ್ದ ಜರ್ಮನಿ ಮರುವರ್ಷವೇ ಪೇಚಿಗೆ ಸಿಲುಕಿತು. ಈ ಲೆಕ್ಕಕ್ಕೂ ಒಂದು ಕುರುಡುತನವಿದೆ: ನಾಲ್ವರ ಹಡಗುಗಳೂ ಪರ್ಷಿಯನ್ ಕೊಲ್ಲಿಯ ಕಿರಿದಾದ ಬಾಯಿಯಾದ ಹೋರ್ಮುಜ್ ಜಲಸಂಧಿಯಿಂದಲೇ ಬರುವುದಾದರೆ ಆ 2,500 ನಂಬುವಂಥದ್ದಲ್ಲ.

ಮೂರನೆಯದು ದಾಸ್ತಾನು. 1974ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯು ತೈಲ ಆಮದು ಮಾಡುವ ಸದಸ್ಯ ದೇಶಗಳು ಕನಿಷ್ಠ 90 ದಿನಗಳ ನಿವ್ವಳ ಆಮದಿಗೆ ಸಮನಾದ ಸಂಗ್ರಹ ಇಡಬೇಕೆನ್ನುತ್ತದೆ. ಭಾರತದ ತುರ್ತು ಸಂಗ್ರಹಾಗಾರಗಳ ಒಟ್ಟು ಸಾಮರ್ಥ್ಯ 53.3 ಲಕ್ಷ ಟನ್. ಇದರಲ್ಲಿ 40 ಲಕ್ಷ ಟನ್ ನಮ್ಮ ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನ ನೆಲದಡಿಯ ಬಂಡೆಗವಿಗಳಲ್ಲಿದ್ದು, ಸುತ್ತಲಿನ ಬಂಡೆಯೊಳಗಿನ ನೀರಿನ ಒತ್ತಡವೇ ಅಲ್ಲಿ ತೈಲ ಸೋರದಂತೆ ತಡೆಯುತ್ತದೆ. ಇವೆಲ್ಲ ಭರ್ತಿಯಾದರೂ ದೇಶಕ್ಕೆ ಹತ್ತು ದಿನ ಸಾಲದು. ಮಿಕ್ಕ ಭಾರ ತೈಲ ಕಂಪನಿಗಳ ದಾಸ್ತಾನಿನ ಮೇಲೆ ಬೀಳುತ್ತದೆ.

ಹಲವು ಅಳತೆಗಳನ್ನು ಕೂಡಿಸಿ ದೇಶಗಳನ್ನು ಹೋಲಿಸುವ ಸೂಚ್ಯಂಕಗಳೂ ಇವೆ. ವಿಶ್ವ ಇಂಧನ ಮಂಡಳಿಯ ಸೂಚ್ಯಂಕವು ಭದ್ರತೆಯ ಜೊತೆಗೆ ಸಮಾನ ಲಭ್ಯತೆ, ಪರಿಸರ ಸುಸ್ಥಿರತೆಗಳನ್ನೂ ಸೇರಿಸುತ್ತದೆ. ಯಾವುದಕ್ಕೆ ಎಷ್ಟು ತೂಕವೆಂಬುದು ತಯಾರಿಸುವವರ ಆಯ್ಕೆಯಾದ್ದರಿಂದ, ನಾನಾದರೆ ಒಟ್ಟು ಶ್ರೇಯಾಂಕಕ್ಕಿಂತ ಬಿಡಿ ಅಂಕಿಗಳನ್ನೇ ಮೊದಲು ನೋಡುತ್ತೇನೆ.