58ನೇ ವಯಸ್ಸಿನಲ್ಲಿ ಟೆಸ್ಟೋಸ್ಟೆರಾನ್ 280 ಬಂದಿದೆ, ಇಂಜೆಕ್ಷನ್ ತೆಗೆದುಕೊಳ್ಳಬೇಕೇ?

ನಿಮಗೆ 58 ವರ್ಷ, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಆಸೆ ಮೊದಲಿನಂತೆಯೇ ಇದ್ದರೂ ನಿಮಿರುವಿಕೆ ಉಳಿಯುತ್ತಿಲ್ಲ, ರಕ್ತಪರೀಕ್ಷೆಯಲ್ಲಿ ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರಾನ್ 280 (ಡೆಸಿಲೀಟರಿಗೆ ನ್ಯಾನೊಗ್ರಾಂ ಲೆಕ್ಕದಲ್ಲಿ) ಬಂದಿದೆ, ಸ್ನೇಹಿತರೊಬ್ಬರು ಅದರ ಇಂಜೆಕ್ಷನ್ ಹಾಕಿಸಿಕೊಳ್ಳಲು ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಬಹುಕಾಲದಿಂದ ಸಕ್ಕರೆ ಕಾಯಿಲೆಯವರನ್ನು ನೋಡುತ್ತಿರುವ ವೈದ್ಯನಾಗಿ ಹೇಳುತ್ತೇನೆ: ಈ ಒಂದು ವರದಿಯನ್ನು ನಂಬಿ ಇಂಜೆಕ್ಷನ್ ಬೇಡ, ಹಾಗೆಂದು ವಯಸ್ಸಾಯಿತು ಎಂದು ಸುಮ್ಮನಾಗುವುದೂ ಬೇಡ.

ವರದಿಯಲ್ಲಿ ರಕ್ತ ತೆಗೆದ ಸಮಯ ಸಂಜೆ 4.40 ಎಂದಿರುವುದಾಗಿ ನೀವೇ ತಿಳಿಸಿದ್ದೀರಿ. ಈ ಹಾರ್ಮೋನು ಬೆಳಗಿನ ಹೊತ್ತು ಹೆಚ್ಚಿದ್ದು ಹಗಲೇರಿದಂತೆ ಇಳಿಯುತ್ತದೆ, ಊಟವಾದ ಮೇಲೂ ಕಡಿಮೆಯಾಗುತ್ತದೆ, ಜ್ವರ ಅಥವಾ ಬೇರೆ ಕಾಯಿಲೆ ಇದ್ದಾಗ ಇನ್ನೂ ಕುಸಿಯುತ್ತದೆ. ಆದ್ದರಿಂದ ಬೇರೆ ಬೇರೆ ದಿನಗಳಲ್ಲಿ ಎರಡು ಸಲ, ಬೆಳಿಗ್ಗೆ (ಖಾಲಿ ಹೊಟ್ಟೆಯಲ್ಲಾದರೆ ಒಳ್ಳೆಯದು) ರಕ್ತ ಕೊಟ್ಟು, ಎರಡೂ ಬಾರಿ 300ಕ್ಕಿಂತ ಕಡಿಮೆ ಬಂದು, ಜೊತೆಗೆ ಲಕ್ಷಣಗಳೂ ಇದ್ದರೆ ಮಾತ್ರ ಕೊರತೆ ಎನ್ನಬೇಕೆಂಬುದು ಅಮೆರಿಕದ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿ. ಹೊಟ್ಟೆಯ ಬೊಜ್ಜು ಇರುವವರಲ್ಲಿ ಒಟ್ಟು ಪ್ರಮಾಣ ಕಡಿಮೆ ಕಂಡರೂ ದೇಹಕ್ಕೆ ನಿಜವಾಗಿ ಒದಗುವ ಫ್ರೀ ಟೆಸ್ಟೋಸ್ಟೆರಾನ್ ಸರಿಯಾಗಿಯೇ ಇರಬಹುದು, ಅದನ್ನೂ ನೋಡಿಸಬೇಕು.

ಇದಕ್ಕಿಂತ ಮುಖ್ಯವಾದದ್ದು, ಆಸೆ ಕಡಿಮೆಯಾಗುವುದು ಮತ್ತು ನಿಮಿರುವಿಕೆ ಕೈಕೊಡುವುದು ಎರಡು ಬೇರೆ ಬೇರೆ ತೊಂದರೆಗಳು. ಟೆಸ್ಟೋಸ್ಟೆರಾನ್ ಕೊರತೆ ಹೆಚ್ಚಾಗಿ ಕುಗ್ಗಿಸುವುದು ಆಸೆಯನ್ನು. 2010ರಲ್ಲಿ ಪ್ರಕಟವಾದ ಯುರೋಪಿನ ದೊಡ್ಡ ಅಧ್ಯಯನವೊಂದರಲ್ಲಿ, 40ರಿಂದ 79 ವರ್ಷದ ಗಂಡಸರ ಪೈಕಿ ಆಸೆಯ ಇಳಿಕೆ, ನಿಮಿರುವಿಕೆಯ ತೊಂದರೆ, ಬೆಳಗಿನ ಜಾವದ ನಿಮಿರುವಿಕೆ ಕಡಿಮೆಯಾಗುವುದು, ಈ ಮೂರರ ಜೊತೆಗೆ ಹಾರ್ಮೋನಿನ ಕೊರತೆಯೂ ಇದ್ದವರು ಶೇಕಡಾ 2ರಷ್ಟು ಮಾತ್ರ. ನಿಮ್ಮಂತೆ ಆಸೆ ಉಳಿದಿರುವ ಸಕ್ಕರೆ ಕಾಯಿಲೆಯವರಲ್ಲಿ ಮೊದಲು ಅನುಮಾನಿಸಬೇಕಾದದ್ದು ರಕ್ತನಾಳ ಮತ್ತು ನರಗಳನ್ನು. ಶಿಶ್ನದ ರಕ್ತನಾಳಗಳು ಹೃದಯದವುಗಳಿಗಿಂತ ಸಣ್ಣವಾದ್ದರಿಂದ ಹಾನಿ ಮೊದಲು ಅಲ್ಲಿ ಕಾಣಿಸಿಕೊಂಡು, ಕೆಲವು ವರ್ಷಗಳ ನಂತರ ಹೃದಯದ ತೊಂದರೆಯಾಗಿ ಬರುವುದುಂಟು. ನನ್ನಲ್ಲಿಗೆ ಬರುವ ಎಷ್ಟೋ ಜನ ಮಂಡಿನೋವಿನ ಮಾತಾಡಿ, ಚೀಟಿ ಹಿಡಿದು ಬಾಗಿಲವರೆಗೆ ಹೋಗಿ, ಹೆಂಡತಿ ಹೊರಗೆ ನಡೆದ ಮೇಲೆ ಹಿಂದಿರುಗಿ, "ಸಾರ್, ಇನ್ನೊಂದು ವಿಷಯ" ಎಂದು ದನಿ ತಗ್ಗಿಸುತ್ತಾರೆ. ಆ ಇನ್ನೊಂದು ವಿಷಯವನ್ನು ಮೊದಲೇ ಹೇಳಿದ್ದರೆ ಅಂದೇ ಇ.ಸಿ.ಜಿ., ಕೊಲೆಸ್ಟ್ರಾಲ್, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಬಿ.ಪಿ. ಎಲ್ಲವನ್ನೂ ನೋಡಬಹುದಿತ್ತು. ದಯವಿಟ್ಟು ನೀವು ತಡ ಮಾಡಬೇಡಿ.

ನಿಜವಾದ ಕೊರತೆ ಇರುವವರಿಗೆ ಹಾರ್ಮೋನು ಉಪಯೋಗಕ್ಕೆ ಬರುತ್ತದೆ, ಅದರಲ್ಲಿ ನನಗೆ ಸಂಶಯವಿಲ್ಲ. 65 ದಾಟಿದ, ಹಾರ್ಮೋನು 275ಕ್ಕಿಂತ ಕಡಿಮೆ ಇದ್ದ 790 ಗಂಡಸರ ಮೇಲೆ ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷ ಜೆಲ್ ಹಚ್ಚಿಕೊಂಡವರ ಆಸೆಯೂ ಲೈಂಗಿಕ ಚಟುವಟಿಕೆಯೂ ಹೆಚ್ಚಿದವು. ನಿಮಿರುವಿಕೆಯೂ ತಕ್ಕಮಟ್ಟಿಗೆ ಸುಧಾರಿಸಿತು, ಆದರೆ ಸಿಲ್ಡೆನಾಫಿಲ್ (ವಯಾಗ್ರ) ಜಾತಿಯ ಮಾತ್ರೆಗಳಿಂದ ಸಿಗುವಷ್ಟಲ್ಲ. ಹೃದ್ರೋಗ ಇದ್ದ ಅಥವಾ ಅದರ ಅಪಾಯ ಹೆಚ್ಚಿದ್ದ ಐದು ಸಾವಿರಕ್ಕೂ ಹೆಚ್ಚು ಗಂಡಸರ ಮೇಲಿನ 2023ರ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಲಿಲ್ಲ. ಆದರೆ ಹೃದಯ ಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಮತ್ತು ಮೂತ್ರಪಿಂಡಕ್ಕೆ ಹಠಾತ್ ಪೆಟ್ಟು ಬೀಳುವುದು ಹೆಚ್ಚಾಗಿ ಕಂಡವು. ಹೊರಗಿನಿಂದ ಹಾರ್ಮೋನು ಬಂದಾಗ ದೇಹ ತನ್ನ ಉತ್ಪಾದನೆಯನ್ನು ತಗ್ಗಿಸುತ್ತದೆ, ವೀರ್ಯಾಣುಗಳೂ ಕಡಿಮೆಯಾಗುತ್ತವೆ, ರಕ್ತ ಗಟ್ಟಿಯಾಗುತ್ತದೆ. ಚಿಕಿತ್ಸೆ ಶುರುವಾದರೆ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಮತ್ತು ಪಿ.ಎಸ್.ಎ. (ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ) ಪರೀಕ್ಷೆಗಳನ್ನು ಆಗಾಗ ಮಾಡಿಸಲೇಬೇಕು. ಹೆಮಟೋಕ್ರಿಟ್ ಶೇಕಡಾ 54 ದಾಟಿದರೆ ಔಷಧ ನಿಲ್ಲಿಸಬೇಕಾಗುತ್ತದೆ. ಜಿಮ್‌ನಲ್ಲಿ ಯಾರೋ ಕೊಡುವ ಇಂಜೆಕ್ಷನ್ನಿಗೆ ಈ ನಿಗಾ ಇರುವುದಿಲ್ಲ.

ಸಿಲ್ಡೆನಾಫಿಲ್ ಕೂಡ ನೀವಾಗಿಯೇ ಅಂಗಡಿಯಿಂದ ತಂದು ನುಂಗಬೇಡಿ. ಎದೆನೋವಿಗೆ ನಾಲಿಗೆಯ ಕೆಳಗಿಡುವ ನೈಟ್ರೇಟ್ ಮಾತ್ರೆಯ ಜೊತೆ ಅದು ಸೇರಿದರೆ ಬಿ.ಪಿ. ಪ್ರಾಣಾಪಾಯವಾಗುವಷ್ಟು ಕುಸಿಯಬಹುದು. ಬೆಳಗಿನ ಎರಡೂ ವರದಿಗಳು ಕಡಿಮೆ ಬಂದರೆ ಎಲ್‌ಎಚ್ ಮತ್ತು ಪ್ರೊಲ್ಯಾಕ್ಟಿನ್ (ಎರಡೂ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳು) ಪರೀಕ್ಷೆ ಮಾಡಿಸಿಕೊಂಡು ಹಾರ್ಮೋನು ತಜ್ಞರನ್ನು ಕಾಣಿ. ದೋಷ ವೃಷಣದಲ್ಲಿದೆಯೋ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿದೆಯೋ ಎಂಬುದು ಅದರಿಂದ ತಿಳಿಯುತ್ತದೆ. ಹೋಗುವಾಗ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ; ಬಿ.ಪಿ.ಯ ಕೆಲವು ಮಾತ್ರೆಗಳಿಂದಲೂ ನಿಮಿರುವಿಕೆ ಕುಂದುತ್ತದೆ, ಅವನ್ನು ಬದಲಿಸಲು ಸಾಧ್ಯವೇ ಎಂದು ವೈದ್ಯರು ನೋಡಿ ಹೇಳುವವರೆಗೆ ಯಾವುದನ್ನೂ ನಿಲ್ಲಿಸಬೇಡಿ.