‘ಏನು ಓಡಿಸುತ್ತೀರಿ?’ ಎಂಬ ಮೆಲ್ಬರ್ನಿನ ಪ್ರಶ್ನೆ

ನಿಮ್ಮ ಪತ್ರ ಓದಿದೆ. ಮೆಲ್ಬರ್ನಿಗೆ ಬಂದು ಇನ್ನೂ ಎರಡು ತಿಂಗಳು. ಕಚೇರಿಯಲ್ಲಿ ಊಟದ ಹೊತ್ತಿಗೆ ಯಾರೋ ‘ಏನು ಓಡಿಸುತ್ತೀರಿ’ ಎಂದು ಕೇಳಿದಾಗ ನೀವು ಹಾಸನದ ಮನೆಯ ಮುಂದೆ ನಿಂತಿರುವ ಇನ್ನೋವಾದ ಹೆಸರು ಹೇಳಿದಿರಿ. ಆ ಕಾರು ಇಲ್ಲಿ ಮಾರಾಟದಲ್ಲೇ ಇಲ್ಲದ್ದರಿಂದ ಯಾರಿಗೂ ಅರ್ಥವಾಗಲಿಲ್ಲ. ಸೆಕೆಂಡ್ ಹ್ಯಾಂಡ್ ಜರ್ಮನ್ ಕಾರೊಂದನ್ನು ಕೊಳ್ಳುವ ಯೋಚನೆಯಿದೆ ಎಂದಾಗ ಮಾತ್ರ ಎಲ್ಲರೂ ನಕ್ಕರು. ಇಲ್ಲಿನವರೂ ಕಾರು ನೋಡಿ ಮನುಷ್ಯನನ್ನು ಅಳೆಯುತ್ತಾರೆಯೇ, ಅಳೆಯುವುದಾದರೆ ಯಾವ ಕಾರು ಕೊಂಡರೆ ಮರ್ಯಾದೆ ಎಂದು ಕೇಳಿದ್ದೀರಿ. ಹದಿನೇಳು ವರ್ಷದಿಂದ ಈ ಊರಿನ ಪಶ್ಚಿಮದ ಬಡಾವಣೆಗಳಲ್ಲಿ ಬಾಳುತ್ತಿರುವವನಾಗಿ, ನಾನು ಮಾಡಿದ ತಪ್ಪುಗಳ ಸಮೇತ ಉತ್ತರಿಸುತ್ತೇನೆ.

ಅಳೆಯುತ್ತಾರೆ, ಆದರೆ ಅಳತೆಗೋಲು ಬೇರೆ. ನಮ್ಮ ಕಡೆ ಬಿಡದಿಯಲ್ಲಿ ತಯಾರಾದ ಬಿಳಿ ಇನ್ನೋವಾ ಮನೆಯ ಮುಂದೆ ನಿಂತಿತೆಂದರೆ ಒಳಗಿರುವವರು ಗುತ್ತಿಗೆದಾರರೋ, ರಾಜಕೀಯದವರೋ, ಕಾಫಿ ತೋಟದವರೋ ಎಂದು ಬೀದಿಯವರು ಲೆಕ್ಕ ಹಾಕುತ್ತಾರೆ. ಏನೇ ಆದರೂ ಆ ಕುಟುಂಬ ಒಂದು ಮೆಟ್ಟಿಲು ಮೇಲೇರಿದೆ ಎಂಬುದರಲ್ಲಿ ಯಾರಿಗೂ ಸಂಶಯವಿರುವುದಿಲ್ಲ. ಇಲ್ಲಿ ಕಾರು ಮೊದಲು ಕಸುಬನ್ನು ಹೇಳುತ್ತದೆ, ಆಮೇಲೆ ಆ ಮನುಷ್ಯ ಯಾವ ಬಳಗದಲ್ಲಿ ಬೆಳೆದವನು ಎಂಬುದನ್ನು ಹೇಳುತ್ತದೆ, ಹಣದ ವಿಷಯವನ್ನು ಎಲ್ಲಕ್ಕಿಂತ ಕಡೆಯಲ್ಲಿ ಹೇಳುತ್ತದೆ, ಅದೂ ಅನೇಕ ವೇಳೆ ಸುಳ್ಳಾಗಿ.

ಕಸುಬಿನ ಮಾತಿಗೆ ಯೂಟ್‌ಗಿಂತ ಒಳ್ಳೆಯ ಉದಾಹರಣೆಯಿಲ್ಲ. ಮುಂದೆ ಕಾರು, ಹಿಂದೆ ತೆರೆದ ತೊಟ್ಟಿ ಇರುವ ಈ ಗಾಡಿ ಇಲ್ಲಿಂದ ಒಂದು ಗಂಟೆಯ ದಾರಿಯ ಜೀಲಾಂಗ್‌ನಲ್ಲಿ ಹುಟ್ಟಿದ್ದು. ಫೋರ್ಡ್ ಕಂಪನಿಯ ಲೂ ಬ್ಯಾಂಟ್ ಎಂಬ ತರುಣ ರೂಪಿಸಿದ ಮೊದಲ ಯೂಟ್ 1934ರಲ್ಲಿ ಹೊರಬಂತು. ಭಾನುವಾರ ಚರ್ಚಿಗೂ ಸೋಮವಾರ ಹಂದಿಗಳೊಡನೆ ಸಂತೆಗೂ ಹೋಗಲು ಒಂದೇ ಗಾಡಿ ಬೇಕೆಂದು ಗಿಪ್ಸ್‌ಲ್ಯಾಂಡಿನ ರೈತನ ಹೆಂಡತಿಯೊಬ್ಬಳು ಬರೆದ ಕಾಗದವೇ ಅದಕ್ಕೆ ಕಾರಣ ಎಂಬುದು ಇಲ್ಲಿ ಎಲ್ಲರೂ ಹೇಳುವ ಕತೆ. ಇಂದಿಗೂ ಈ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ವಾಹನ ಯೂಟ್ ಜಾತಿಯದೇ. 2016ರಿಂದ 2022ರವರೆಗೆ ಟೊಯೊಟಾ ಹೈಲಕ್ಸ್ ಮೊದಲ ಸ್ಥಾನದಲ್ಲಿತ್ತು, 2023 ಮತ್ತು 2024ರಲ್ಲಿ ಫೋರ್ಡ್ ರೇಂಜರ್. ಮೈತುಂಬ ಸುಣ್ಣ, ಸಿಮೆಂಟು ಮೆತ್ತಿಕೊಂಡ ಯೂಟ್ ಕಂಡರೆ ಓಡಿಸುವವನು ಟ್ರೇಡಿ, ಅಂದರೆ ಪ್ಲಂಬರೋ ಬಡಗಿಯೋ ಎಲೆಕ್ಟ್ರೀಷಿಯನ್ನೋ ಆಗಿರುತ್ತಾನೆ ಎಂದು ತಿಳಿಯಿರಿ, ಅವನ ಸಂಪಾದನೆ ನಿಮಗಿಂತ ಕಡಿಮೆಯೆಂದು ಮಾತ್ರ ತಿಳಿಯಬೇಡಿ. ತೊಟ್ಟಿಗೆ ಒಂದು ಗೀರೂ ಬೀಳದೆ ಮಿರಮಿರ ಹೊಳೆಯುವ ಯೂಟ್‌ಗಳೂ ಇವೆ. ಅವುಗಳ ಒಡೆಯರು ಟ್ರೇಡಿಗಳಾಗಬೇಕೆಂದು ಒಳಗೊಳಗೇ ಆಸೆಪಟ್ಟ ಲೆಕ್ಕಪರಿಶೋಧಕರು ಎಂಬುದು ನನ್ನ ಗುಮಾನಿ.

ಬಳಗದ ಮಾತಿಗೆ ಬಂದರೆ ಹೋಲ್ಡನ್ ಮತ್ತು ಫೋರ್ಡ್ ಎಂಬ ಎರಡು ಹೆಸರುಗಳನ್ನು ನೀವು ಕಲಿಯಲೇಬೇಕು. 1856ರಲ್ಲಿ ಅಡಿಲೇಡ್‌ನಲ್ಲಿ ಕುದುರೆಯ ಜೀನು ಮಾಡುವ ಅಂಗಡಿಯಾಗಿ ಆರಂಭವಾದ ಹೋಲ್ಡನ್, 1948ರ ನವೆಂಬರ್ 29ರಂದು ಪ್ರಧಾನಿ ಬೆನ್ ಚಿಫ್ಲಿಯವರ ಎದುರು ತನ್ನ ಮೊದಲ ಕಾರನ್ನು ಹೊರತಂದಾಗ ಅದು ಆಸ್ಟ್ರೇಲಿಯದ ಸ್ವಂತ ಕಾರು ಎನಿಸಿತು. ಫೋರ್ಡ್ ಅದಕ್ಕೆ ಎದುರಾಗಿ 1960ರಿಂದ ಇಲ್ಲೇ ಫಾಲ್ಕನ್ ಕಾರನ್ನು ಕಟ್ಟಿತು. ಅಲ್ಲಿಂದ ಮುಂದೆ ಮನೆಗಳು ಇಬ್ಭಾಗವಾದವು. ಅಪ್ಪ ಹೋಲ್ಡನ್‌ನವನಾದರೆ ಮಕ್ಕಳೂ ಹೋಲ್ಡನ್‌ನವರೇ, ಹೆಂಡತಿ ಫೋರ್ಡ್ ಮನೆತನದಿಂದ ಬಂದರೆ ಹಬ್ಬದ ಊಟದಲ್ಲಿ ತಮಾಷೆಗೆ ಕೊರತೆಯಿಲ್ಲ. ಪ್ರತಿ ಅಕ್ಟೋಬರಿನಲ್ಲಿ ಬಾಥರ್ಸ್ಟ್‌ನ ಮೌಂಟ್ ಪನೋರಮಾದಲ್ಲಿ ನಡೆಯುವ ಸಾವಿರ ಕಿಲೋಮೀಟರಿನ ಕಾರು ಪಂದ್ಯ 2022ರವರೆಗೂ ಈ ಎರಡು ಬಣಗಳ ಜಾತ್ರೆಯಾಗಿತ್ತು. 1992ರಲ್ಲಿ ನಿಸ್ಸಾನ್ ಸ್ಕೈಲೈನ್ ಅಲ್ಲಿ ಗೆದ್ದಾಗ ಜನ ಗೆದ್ದವರನ್ನೇ ಕೂಗಿ ಅವಮಾನಿಸಿದರು. ಗೆದ್ದ ಜಿಮ್ ರಿಚರ್ಡ್ಸ್ ವೇದಿಕೆಯಿಂದಲೇ ಅವರನ್ನು ಬೈದರು. ಮರುವರ್ಷದಿಂದ ನಿಯಮಗಳು ಬದಲಾಗಿ ಎಂಟು ಸಿಲಿಂಡರಿನ ಹೋಲ್ಡನ್-ಫೋರ್ಡ್ ವಿ8 ಕಾರುಗಳ ಕಾಲ ಮತ್ತೆ ನಡೆಯಿತು. ವೇಗದ ಕಾರು ಯಾವುದು ಎಂಬ ಪ್ರಶ್ನೆ ಅಲ್ಲಿ ಇರಲೇ ಇಲ್ಲ, ನಮ್ಮವರು ಯಾರು ಎಂಬುದಷ್ಟೇ ಇತ್ತು.

ಇದನ್ನು ನಾನು ಓದಿ ಕಲಿಯಲಿಲ್ಲ, ಬಾಯಿ ತಪ್ಪಿ ಕಲಿತೆ. ನಮ್ಮ ಪಕ್ಕದ ಮನೆಯ ಹಿರಿಯರು 1970ರ ದಶಕದ ಮೊದಲಲ್ಲಿ ಟರ್ಕಿಯಿಂದ ಬಂದವರು, ಬ್ರಾಡ್‌ಮೆಡೋಸ್‌ನ ಫೋರ್ಡ್ ಕಾರ್ಖಾನೆಯಲ್ಲಿ ದುಡಿದವರು. ಅವರ ಗ್ಯಾರೇಜಿನಲ್ಲಿ 2004ರ ಒಂದು ಫಾಲ್ಕನ್ ಇದೆ. ಹಗಲೂ ರಾತ್ರಿ ಹೊದಿಕೆ, ಭಾನುವಾರ ಬೆಳಗ್ಗೆ ಸ್ನಾನ. ಪೆಟ್ರೋಲ್ ಬೆಲೆ ಏರಿದ್ದ ಒಂದು ದಿನ, ಸಹಾಯ ಮಾಡುತ್ತಿದ್ದೇನೆ ಎಂದುಕೊಂಡು, ಈ ಹಳೆಯ ಗಾಡಿಯನ್ನು ಕೊಟ್ಟು ಹೈಬ್ರಿಡ್ ತೆಗೆದುಕೊಳ್ಳಬಾರದೇ ಎಂದು ಅವರಿಗೆ ಹೇಳಿಬಿಟ್ಟೆ. ಅವರು ಮಾತಾಡಲಿಲ್ಲ. ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ, ಫಾಲ್ಕನ್‌ನ ಹಿಂದಿನ ಎಡಬಾಗಿಲನ್ನು ಒಂದು ಗೇಣು ತೆರೆದು, ಎರಡು ಬೆರಳಿನಿಂದ ಹಗುರವಾಗಿ ತಳ್ಳಿದರು. ಹತ್ತಿಯ ಮೂಟೆಯನ್ನು ನೆಲಕ್ಕಿಟ್ಟಂತೆ ಒಂದೇ ಒಂದು ಧಪ್ ಎಂಬ ಸದ್ದಾಯಿತು. ನಂತರ ಹೊರಗೆ ನಿಂತಿದ್ದ ನನ್ನ ಕಾರಿನ ಕಡೆ ಗಲ್ಲ ಎತ್ತಿ ತೋರಿಸಿದರು. ನಾನು ಹೋಗಿ ಬಾಗಿಲು ಹಾಕಿದೆ, ತಗಡಿನ ಡಬ್ಬ ಮುಚ್ಚಿದಂತೆ ಕೇಳಿಸಿತು. ನಾನು ಮರಳಿ ಬಂದಾಗ ಅವರು ಬಗ್ಗಿ ಕುಳಿತು, ಬಾಗಿಲ ಸುತ್ತ ಓಡುವ ರಬ್ಬರಿನ ಅಂಚನ್ನು ಹೆಬ್ಬೆರಳಿನ ಉಗುರಿನಿಂದ ಸರಿಸಿ, ಅದರ ಎರಡು ತುದಿಗಳು ಸೇರುವ ಜಾಗ ಕೆಳಗಡೆಯೇ ಬರಬೇಕು, ಮೇಲೆ ಬಂದರೆ ಮಳೆನೀರು ಸೋರುತ್ತದೆ ಎಂದು ವಿವರಿಸಿದರು. ಹತ್ತೊಂಬತ್ತು ವರ್ಷ ಅವರು ಮಾಡಿದ್ದು ಆ ರಬ್ಬರು ಕೂರಿಸುವ ಕೆಲಸವನ್ನು.

ಆ ಕಾರ್ಖಾನೆಯ ಕೆಲಸಗಾರರಲ್ಲಿ ವಲಸೆ ಬಂದವರೇ ಬಹುಪಾಲು. 1973ರಲ್ಲಿ ಅವರು ಹೂಡಿದ ಮುಷ್ಕರ ಈ ದೇಶದ ಕಾರ್ಮಿಕ ಚರಿತ್ರೆಯಲ್ಲಿ ಸೇರಿಹೋಗಿದೆ. ಫಾಲ್ಕನ್ ಇಂದು ಬೆಲೆಯಲ್ಲಿ ಏನೂ ಅಲ್ಲ, ಆದರೆ ಇಂಗ್ಲಿಷ್ ಬಾರದೆ ಬಂದ ಒಬ್ಬ ಹುಡುಗ ಈ ಊರಿನವನಾದ ಬಗೆ ಅದರ ಬಾಗಿಲಲ್ಲಿದೆ. 2016ರ ಅಕ್ಟೋಬರ್ 7ರಂದು ಫೋರ್ಡ್ ಇಲ್ಲಿ ಕಾರು ಕಟ್ಟುವುದನ್ನು ನಿಲ್ಲಿಸಿತು. ಮರುವರ್ಷ ಅದೇ ತಿಂಗಳಲ್ಲಿ, 3ರಂದು ಟೊಯೊಟಾ ಆಲ್ಟೋನಾದ ಕಾರ್ಖಾನೆಯನ್ನೂ, 20ರಂದು ಹೋಲ್ಡನ್ ಅಡಿಲೇಡ್ ಬಳಿಯ ಎಲಿಜಬೆತ್‌ನ ಕಾರ್ಖಾನೆಯನ್ನೂ ಮುಚ್ಚಿದವು; 2020ರಲ್ಲಿ ಹೋಲ್ಡನ್ ಎಂಬ ಹೆಸರನ್ನೇ ಕೈಬಿಡುವ ಘೋಷಣೆ ಬಂತು. ಹೀಗಾಗಿ ನಿಮ್ಮ ಸಹೋದ್ಯೋಗಿ ಹೋಲ್ಡನ್‌ನ ಹಳೆಯ ಕಮೊಡೋರ್ ಅಥವಾ ಫೋರ್ಡ್‌ನ ಫಾಲ್ಕನ್ ಇಟ್ಟುಕೊಂಡಿದ್ದರೆ ಅದು ಬಡತನವೂ ಅಲ್ಲ, ಜಿಪುಣತನವೂ ಅಲ್ಲ. ಎರಡು ಕಾರುಗಳಿಗೂ ಹೂನ್‌ಗಳ ಗಾಡಿ, ಅಂದರೆ ಟೈರು ಸುಟ್ಟು ಹೊಗೆಯೆಬ್ಬಿಸುವ ಪುಂಡರ ಗಾಡಿ ಎಂಬ ಕೆಟ್ಟ ಹೆಸರೂ ಇದೆ, ನಿಜ. ಅದನ್ನು ಅವರೆದುರು ನೀವಾಗಿ ಹೇಳಬೇಡಿ.

ಇನ್ನು ಹಣ. ನಿಮ್ಮ ಕಚೇರಿಯ ಪಾರ್ಕಿಂಗ್‌ನಲ್ಲಿ ಸಾಲಾಗಿ ನಿಂತ ಟೆಸ್ಲಾಗಳನ್ನು ನೋಡಿ ಬೆರಗಾದೆ ಎಂದು ಬರೆದಿದ್ದೀರಿ. ಅವುಗಳಲ್ಲಿ ಅನೇಕವು ನೊವೇಟೆಡ್ ಲೀಸ್ ಎಂಬ ವ್ಯವಸ್ಥೆಯಲ್ಲಿ ಬಂದವು. ತೆರಿಗೆ ಕಡಿತಕ್ಕೆ ಮೊದಲೇ ಸಂಬಳದಿಂದ ಕಾರಿನ ಕಂತು ಹೋಗುತ್ತದೆ, ಜೊತೆಗೆ 2022ರ ಜುಲೈಯಿಂದ, ಒಂದು ಬೆಲೆಯ ಮಿತಿಯೊಳಗಿನ ವಿದ್ಯುತ್ ಕಾರುಗಳಿಗೆ ಇಂತಹ ಸವಲತ್ತಿನ ಮೇಲೆ ಉದ್ಯೋಗದಾತರು ಕಟ್ಟಬೇಕಾದ ತೆರಿಗೆಯಿಂದ ವಿನಾಯಿತಿ ಸಿಕ್ಕಿದೆ. ಆ ಕಾರು ಪರಿಸರಪ್ರೇಮವನ್ನು ಎಷ್ಟು ಹೇಳುತ್ತದೋ ಗೊತ್ತಿಲ್ಲ, ಸಂಬಳದ ಚೀಟಿಯನ್ನು ಗಮನವಿಟ್ಟು ಓದುವ ಸ್ವಭಾವವನ್ನಂತೂ ಹೇಳುತ್ತದೆ. ನಿಜವಾದ ಶ್ರೀಮಂತರ ಬಡಾವಣೆಗಳಲ್ಲಿ, ಕೆಸರನ್ನೇ ಕಾಣದ ದೊಡ್ಡ ಫೋರ್ ವೀಲ್ ಡ್ರೈವ್‌ಗಳನ್ನು ಜನ ‘ಟೊರಾಕ್ ಟ್ರ್ಯಾಕ್ಟರ್’ ಎಂದು ಅಣಕಿಸುತ್ತಾರೆ, ಟೊರಾಕ್ ಎಂಬುದು ಇಲ್ಲಿನ ಸಿರಿವಂತರ ಪೇಟೆ. ವೋಲ್ವೋ ಓಡಿಸುವವರು ನಿಧಾನಸ್ಥರು, ಸುಬಾರು ಓಡಿಸುವವರು ವಾರಾಂತ್ಯಕ್ಕೆ ನಾಯಿಯೊಡನೆ ಕಾಡು ಸುತ್ತುವವರು ಎಂಬ ನಗೆಮಾತುಗಳೂ ಉಂಟು, ನಕ್ಕು ಬಿಡಿ.

ಊರಿನ ಅಳತೆಗೋಲನ್ನು ಪೆಟ್ಟಿಗೆಯಲ್ಲಿಟ್ಟು ತಂದವರು ನಾವೇ. ರಾಜ್ಯೋತ್ಸವದ ದಿನ ಸಭಾಂಗಣದ ಪಾರ್ಕಿಂಗ್‌ನಲ್ಲಿ ನಿಂತು ನೋಡಿ: ಮೊದಲ ವರ್ಷದವರ ಹಳೆಯ ಕರೊಲ್ಲಾ, ಮನೆ ಕಟ್ಟಿದವರ ರಾವ್‌4, ತಂದೆತಾಯಿಯರನ್ನು ಕರೆಸಿಕೊಂಡವರ ಕಿಯಾ ಕಾರ್ನಿವಲ್, ಕಂತು ತೀರದಿದ್ದರೂ ಮರ್ಸಿಡಿಸ್‌ನ ಮೂರು ಮೂಲೆಯ ನಕ್ಷತ್ರ ಹೊತ್ತವರು. ಹೆಚ್ಚು ಹಣ ಕೊಟ್ಟು ಇಷ್ಟದ ನಂಬರ್ ಪ್ಲೇಟ್ ಪಡೆಯುವ ಅವಕಾಶ ಇಲ್ಲಿರುವುದರಿಂದ ಮಕ್ಕಳ ಹೆಸರು, ಮನೆದೇವರ ಹೆಸರು ಹೊತ್ತ ಕಾರುಗಳೂ ಕಾಣುತ್ತವೆ. ನಾನೂ ಎರಡನೆಯ ವರ್ಷದಲ್ಲಿ ಒಂದು ಹಳೆಯ ಜರ್ಮನ್ ಕಾರು ಕೊಂಡಿದ್ದೆ. ಸಂಘದ ಗೆಳೆಯರು ಭುಜ ತಟ್ಟಿದರು, ಕಚೇರಿಯ ಆಸ್ಟ್ರೇಲಿಯನ್ ಗೆಳೆಯ ‘ಮೆಕ್ಯಾನಿಕ್ ನಿನ್ನ ನೆಂಟನೇ?’ ಎಂದ. ಹನ್ನೊಂದು ತಿಂಗಳಿಗೆ ಗೇರ್‌ಬಾಕ್ಸ್ ಕೈಕೊಟ್ಟಿತು. ರಿಪೇರಿಗೆ ಕೇಳಿದ ಹಣ ಕಾರಿನ ಬೆಲೆಯ ಅರ್ಧವನ್ನು ದಾಟಿತ್ತು. ನಿಮ್ಮ ಮೇಜಿನಲ್ಲಿ ಎದ್ದ ನಗು ಇದೇ ಲೆಕ್ಕದ್ದು, ನಿಮ್ಮ ಯೋಗ್ಯತೆಯ ಮೇಲಿನದಲ್ಲ.

ಯಾವ ಕಾರು ಕೊಳ್ಳಲಿ ಎಂಬುದಕ್ಕೆ ನನ್ನ ಉತ್ತರ 2017ಕ್ಕೆ ಮುಂಚಿನ ಟೊಯೊಟಾ ಕ್ಯಾಮ್ರಿ, ಸಾಧ್ಯವಾದರೆ ಹೈಬ್ರಿಡ್. ನಾವು ಜಪಾನಿನದೆಂದುಕೊಳ್ಳುವ ಆ ಕಾರು ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ಆಲ್ಟೋನಾದಲ್ಲಿ ತಯಾರಾದದ್ದು. ಕಾರು ರಸ್ತೆಗಿಳಿಯಲು ಯೋಗ್ಯ ಎನ್ನುವ ರೋಡ್‌ವರ್ದಿ ಪ್ರಮಾಣಪತ್ರ ನೋಡದೆ, ರೆಜೋ, ಅಂದರೆ ನೋಂದಣಿ, ಎಷ್ಟು ತಿಂಗಳು ಉಳಿದಿದೆ ಎಂದು ಕೇಳದೆ ಮುಂಗಡ ಕೊಡಬೇಡಿ. ಊಟದ ಮೇಜಿನಲ್ಲಿ ಮತ್ತೆ ಆ ಪ್ರಶ್ನೆ ಬಂದರೆ ಉತ್ತರ ಹೇಳಿ, ನಿಮ್ಮ ಮೊದಲ ಕಾರು ಯಾವುದಾಗಿತ್ತು ಎಂದು ತಿರುಗಿ ಕೇಳಿ. ಅಂಗಡಿಯಲ್ಲಿ ನೋಡಿದ ಬೆಲೆಯ ಮಾತು ಅಲ್ಲಿಗೆ ನಿಲ್ಲುತ್ತದೆ, ಅಪ್ಪನ ಕಾರು, ಕೆಟ್ಟುನಿಂತ ಹೆದ್ದಾರಿ, ಎಲ್ಲ ಹೊರಬರುತ್ತದೆ. ಕಾರು ನೋಡಲು ಹೋಗುವ ದಿನ ನನಗೊಂದು ಫೋನ್ ಮಾಡಿ. ಪಕ್ಕದ ಮನೆಯ ಹಿರಿಯರನ್ನೂ ಕರೆತರುತ್ತೇನೆ. ಬಾಗಿಲುಗಳ ಮಟ್ಟಿಗೆ ಅವರಿಗಿಂತ ಒಳ್ಳೆಯ ಪರೀಕ್ಷಕರು ನಿಮಗೆ ಸಿಗುವುದಿಲ್ಲ.